ಹೊಟ್ಟೆಗೆ ಹೆಪ್ಪು

ಕಾಲಿನ ಹುಣ್ಣಿಗೆಂದು ಎರಡು ತಿಂಗಳು ನುಂಗಿದ ಗುಳಿಗೆಗಳು ಫಕೀರವ್ವನ ಕರುಳಿನಲ್ಲಿದ್ದ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಕೊಂದುಹಾಕಿದ್ದವು. ದಿನಕ್ಕೆ ಇಪ್ಪತ್ತು ಸಲ ಭೇದಿ. ಇನ್ನು ಯಾವ ಔಷಧಿಯೂ ನಾಟುವುದಿಲ್ಲ, ಉಳಿದದ್ದು ಒಂದೇ ದಾರಿ ಎಂದು ಡಾಕ್ಟರು ಹೇಳಿದ್ದರು.

"ಹಾಲಿಗೆ ಹೆಪ್ಪು ಹಾಕಿದಂಗವ್ವಾ," ಮಗ ಶೇಖಪ್ಪ ಆಸ್ಪತ್ರೆಯ ಮಂಚದ ಪಕ್ಕ ಕುಕ್ಕರಿಸಿ ಹೇಳಿದ. "ಗಟ್ಟಿಮುಟ್ಟ ಇದ್ದವರ ಮಲದಾಗಿನ ಜೀವಾಣು ಸೋಸಿ, ನಳಿಗಿ ಹಾಕಿ ನಿನ್ನ ಕರುಳಿಗೆ ಬಿಡ್ತಾರಂತ."

"ಥೂ! ಯಾರದಂತ?"

"ನಂದು ನಡ್ಯೂದಿಲ್ಲಂದ್ರು. ತಮ್ಮಂದೂ ನಡ್ಯೂದಿಲ್ಲ. ನೆಗಡಿ ಬಂದ್ರೂ ಅಂಗಡಿ ಗುಳಿಗಿ ನುಂಗಾವ್ರು ನಾವು."

"ಮತ್ತ್ಯಾರದೋ?"

ಶೇಖಪ್ಪ ಬಾಗಿಲ ಕಡೆ ನೋಡಿದ. ಹೊರಗಿನ ಬೆಂಚಿನ ಮೇಲೆ ಅವನ ಹೆಂಡತಿ ಕೂತಿದ್ದಳು. ಬೇರೆ ಜಾತಿಯವಳೆಂದು ಫಕೀರವ್ವ ಆರು ವರ್ಷಗಳಿಂದ ಈ ಸೊಸೆಯ ಕೈಯ ನೀರು ಕುಡಿದಿರಲಿಲ್ಲ. ಹಿತ್ತಲಲ್ಲಿ ಅವಳಿಗೆ ಬೇರೆ ಒಲೆ ಹೂಡಿಸಿದ್ದಳು.

"ಅಕಿದೊಂದ ಹೊಂದತೈತಿ," ಅಂದ. "ನಂದಂತ ಸುಳ್ಳ ಹೇಳೋಣ ಅಂದ ತಮ್ಮ. ಡಾಕ್ಟರು ಒಪ್ಪಲಿಲ್ಲ. ಖರೇ ತಿಳಕೊಂಡ ನೀನ ಹೆಬ್ಬೆಟ್ಟ ಒತ್ತಬೇಕಂತ."

ಫಕೀರವ್ವ ಗೋಡೆಯ ಕಡೆ ಹೊರಳಿದಳು.

"ಅವ್ವಾ, ಹಟಾ ಮಾಡಬ್ಯಾಡ. ಜೀವಾ ಹೋದೀತು. ಏನರ ಅನ್ನು."

ಅವಳು ಮುಖ ತಿರುಗಿಸದೆಯೇ, ಹೊರಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದಳು:

"ಅಕಿ ಕೊಡ್ತೀನಂದಾಳೇನೋ?"