ಮೂರು ಸಾಲಿನ ಎಚ್ಚರಿಕೆ

ಪ್ರೆಸ್ ಯಂತ್ರ ನಾಗರತ್ನಳ ಮೂರು ಬೆರಳು ಕತ್ತರಿಸಿತು. ಎಚ್ಚರಿಕೆ ಓದದೆ ಕೈ ಹಾಕಿದಳೆಂದು ಕಾರ್ಖಾನೆ ಅವಳನ್ನೇ ಕೆಲಸದಿಂದ ತೆಗೆಯಿತು.

ವಿಚಾರಣೆಯ ದಿನ ಮ್ಯಾನೇಜರ್ ಅದೇ ಎಚ್ಚರಿಕೆಯನ್ನು ಮತ್ತೆ ಬರಿಸಿ, ಯಂತ್ರದ ಬೆಂಕಿಪೊಟ್ಟಣದಷ್ಟು ಪರದೆ ತೋರಿಸಿದ. "ಇಲ್ಲೇ ಬಂದಿತ್ತಲ್ಲಮ್ಮ, ಕಣ್ಣು ಎಲ್ಲಿಟ್ಟಿದ್ದೆ?"

"ಅದು ಕೊರಿಯಾ ಭಾಷೆ ಸಾರ್. ಎರಡು ಸಾಲು ಬಂದ್ರೆ ಕೈ ಹಾಕಿ, ಮೂರು ಬಂದ್ರೆ ಬೇಡ ಅಂತ ನೀವೇ ಹೇಳ್ಕೊಟ್ಟಿದ್ರಿ. ಅವತ್ತು ಎಲ್ಲಾ ಒಂದಕ್ಕೊಂದು ಮೆತ್ಕೊಂಡಿತ್ತು. ಎರಡೇ ಅಂದ್ಕೊಂಡೆ."

"ಓದು ಬರೋರಿಗೆ ಚೆನ್ನಾಗೇ ಕಾಣುತ್ತೆ," ಎಂದ ಮ್ಯಾನೇಜರ್, ಹಾಗೆಂದೇ ಬರೆದಿದ್ದ ಕಾಗದವನ್ನು ಕೊರಿಯಾದಿಂದ ಬಂದಿದ್ದ ಇಂಜಿನಿಯರ್ ಚೋಯ್ ಮುಂದಿಟ್ಟ. "ಸೈನ್ ಮಾಡಿ ಸಾರ್."

ಚೋಯ್ ಕನ್ನಡಕ ಒರೆಸಿಕೊಂಡು, ಮೂಗು ತಾಗುವಷ್ಟು ಬಗ್ಗಿ ಪರದೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಾಗರತ್ನಳತ್ತ ತಿರುಗಿ, ಸೊಂಟ ಬಗ್ಗಿಸಿ ತಲೆಬಾಗಿದರು.

"ನನ್ನ ಭಾಷೆ," ಎಂದರು, ಇಲ್ಲಿ ಕಲಿತ ಅರೆಬರೆ ಕನ್ನಡದಲ್ಲಿ. "ನನಗೂ ಓದಕ್ಕೆ ಆಗಲ್ಲ. ಸೈನ್ ಮಾಡಲ್ಲ."