ಊದದ ಮೊಣಕಾಲು

“ಲಮಾಂಟ್ ಯಾಕೆ ಆಡಲಿಲ್ಲ ಅಂದ್ರೆ, ಅವನ ಮೊಣಕಾಲು ಊದಿದೆ,” ಎಂದು ಕೋಚ್ ಬರ್ನಿ ಓಸ್ಟ್ರೋ ಪತ್ರಕರ್ತರಿಗೆ ಹೇಳುತ್ತಿದ್ದುದು ಗೋಡೆಯಾಚೆಯಿಂದ ಕೇಳಿಸಿತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತಿದ್ದ ಲಮಾಂಟ್ ಗೇದರ್ ಬಗ್ಗಿ ತನ್ನ ಕಾಲು ನೋಡಿಕೊಂಡ. ಊತವಿಲ್ಲ, ನೋವಿಲ್ಲ. ಬೆವರು ಕೂಡ ಇರಲಿಲ್ಲ, ಇಡೀ ಆಟ ಬೆಂಚಿನ ಮೇಲೆ ಕಳೆದಿತ್ತು. ಇಷ್ಟು ನಾಚಿಕೆಗೆಟ್ಟ ಸುಳ್ಳನ್ನು ಇಷ್ಟು ಸಲೀಸಾಗಿ ಹೇಳುವವನ ಕೈಕೆಳಗೆ ಬದುಕಬೇಕಲ್ಲ ಎಂದು ಅವನಿಗೆ ಹೇಸಿಗೆಯಾಯಿತು.

ಬಾಲ್ಟಿಮೋರ್ ಹೆರನ್ಸ್ ಬ್ಯಾಸ್ಕೆಟ್‌ಬಾಲ್ ತಂಡ ತನ್ನ ಎತ್ತರದ ಆಟಗಾರನೊಬ್ಬನನ್ನು ಕೊಟ್ಟು ಟ್ರೇವಾನ್ ಬಿಗ್ಸ್‌ನನ್ನು ತಂದಿತ್ತು. ಬಿಗ್ಸ್ ಆಡುವುದು ಲಮಾಂಟನ ಜಾಗದಲ್ಲೇ. ಜಾಗ ಒಂದು, ಆಡುವವರು ಇಬ್ಬರು. ಆಟಗಾರರ ಅದಲುಬದಲಿಗೆ ಗುರುವಾರ ಮಧ್ಯಾಹ್ನ ಕೊನೆಯ ಗಡುವು. ಅಷ್ಟರೊಳಗೆ ಇಬ್ಬರಲ್ಲೊಬ್ಬರು ಜಾಗ ಖಾಲಿ ಮಾಡಬೇಕೆಂದು ಮ್ಯಾನೇಜರ್ ಹಾಲ್‌ಸ್ಟೆಡ್ ಎಲ್ಲರೆದುರೇ ಹೇಳಿದ್ದ.

ಲಮಾಂಟ್ ಈ ಊರು ಬಿಡುವಂತಿರಲಿಲ್ಲ. ಮಗಳು ಇಮಾನಿಗೆ ಏಳು ವರ್ಷ. ವಿಚ್ಛೇದನ ಕೊಡುವಾಗ ನ್ಯಾಯಾಧೀಶೆ ಖಡಾಖಂಡಿತವಾಗಿ ಹೇಳಿದ್ದಳು: ಅಪ್ಪ ಬಾಲ್ಟಿಮೋರಿನಲ್ಲಿ ಇರುವಷ್ಟು ಕಾಲ ಮಗಳು ಅರ್ಧ ವಾರ ಅವನ ಮನೆಯಲ್ಲಿ, ಊರು ಬಿಟ್ಟರೆ ಬೇಸಿಗೆ ರಜೆಯಲ್ಲಿ ಮಾತ್ರ. ಅಂದು ಕೋರ್ಟಿಗೆ ಹೋಗಲು ಅಭ್ಯಾಸದಿಂದ ಬಿಡುವು ಕೊಟ್ಟವನೂ, ತೀರ್ಪು ಕೇಳಿ ಬೆನ್ನು ತಟ್ಟಿದವನೂ ಇದೇ ಓಸ್ಟ್ರೋ. ಒಳ್ಳೆಯ ನಟ.

ಅವನ ಆಟ ಈಗ ಲಮಾಂಟನಿಗೆ ಚೆನ್ನಾಗಿ ಅರ್ಥವಾಗಿತ್ತು. ಕಾಟಾಚಾರದ ಪಂದ್ಯಗಳಲ್ಲಿ, ಖಾಲಿ ಕುರ್ಚಿಗಳ ಮುಂದೆ, ತನ್ನನ್ನು ಅಂಗಳಕ್ಕೆ ಇಳಿಸುತ್ತಿದ್ದ. ಆಟಗಾರರನ್ನು ಆರಿಸಲು ಬರುವ ಬೇರೆ ತಂಡಗಳ ಕೋಟುಧಾರಿಗಳು ಮುಂದಿನ ಸಾಲಿನಲ್ಲಿ ಬಂದು ಕೂತ ದಿನ ಮಾತ್ರ ಬೆಂಚೇ ಗತಿ. ಆ ದಿನ ಬಿಗ್ಸ್ ಮೊದಲಿಂದ ಕೊನೆಯವರೆಗೆ ಮೆರೆಯುತ್ತಿದ್ದ. ನೆಂಟರು ಬಂದಾಗ ಹರಿದ ಚಾಪೆಯನ್ನು ಸುತ್ತಿ ಮೂಲೆಗಿಟ್ಟಂತೆ ಓಸ್ಟ್ರೋ ತನ್ನನ್ನು ಇಟ್ಟಿದ್ದಾನೆ. ಇಲ್ಲಿಂದ ಓಡಿಸುವುದಷ್ಟೇ ಅಲ್ಲ, ಬೇರೆ ಯಾರೂ ಮೂಸಿ ನೋಡದಂತೆ ಮಾಡಿ ಓಡಿಸುತ್ತಾನೆ. ಬೆಂಚಿನ ತುದಿಯಲ್ಲಿ ಓಸ್ಟ್ರೋ ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆಯನ್ನು ಕಾಗದದ ಲೋಟಕ್ಕೆ ಉಗಿಯುತ್ತಿದ್ದ. ಎಂಜಲಲ್ಲಿ ನೆನೆದ ಆ ಸಿಪ್ಪೆ ಕಂಡರೆ ಲಮಾಂಟ್ ಮುಖ ತಿರುಗಿಸುತ್ತಿದ್ದ.

“ಅಜ್ಜ, ಹೀಗೇ ಕೂತಿದ್ರೆ ಬೆಂಚಿಗೇ ಬೇರು ಬಿಡ್ತೀಯ ನೋಡು,” ಎಂದು ಬಿಗ್ಸ್ ಒದ್ದೆ ಟವೆಲನ್ನು ಅವನ ಮಡಿಲಿಗೆ ಎಸೆದ.

ಲಮಾಂಟ್ ಅದನ್ನು ನೆಲಕ್ಕೆ ಬಿಸಾಕಿ ನೇರ ಕೋಚ್ ಕೋಣೆಗೆ ನುಗ್ಗಿದ.

“ನನ್ನ ಕಾಲಿಗೆ ಏನಾಗಿದೆ ಕೋಚ್?”

“ಊದಿದೆ.”

“ಎಲ್ಲಿ, ತೋರ್ಸಿ.”

ಓಸ್ಟ್ರೋ ಅವನ ಮುಖ ನೋಡಲಿಲ್ಲ, ತೆರೆದ ಬಾಗಿಲ ಕಡೆ ನೋಡಿದ. ಎದುರಿಗೇ ಹಾಲ್‌ಸ್ಟೆಡ್‌ನ ಕೋಣೆ. ಕಣ್ಣಿಗೆ ಕಣ್ಣು ಕೊಟ್ಟು ಸುಳ್ಳು ಹೇಳುವ ಧೈರ್ಯವೂ ಇವನಿಗಿಲ್ಲ ಎಂದುಕೊಂಡ ಲಮಾಂಟ್.

“ನಿನಗೆ ಈ ಊರು ಬೇಕೋ ಬೇಡ್ವೋ?” ಓಸ್ಟ್ರೋ ದನಿ ತಗ್ಗಿಸಿದ.

“ಬೆದರಿಸ್ತಿದೀರಾ?”

“ಗುರುವಾರದವರೆಗೆ ಬಾಯಿ ಮುಚ್ಕೊಂಡು ಕೂತಿರು ಅಂತಿದೀನಿ. ನಡೀವಾಗ ಸ್ವಲ್ಪ ಕುಂಟಿದ್ರೆ ಇನ್ನೂ ಒಳ್ಳೇದು.”

ಕುಂಟಬೇಕಂತೆ. ಗಾಯಕ್ಕೆ ಉಪ್ಪು ಸವರಿ ನಗುವ ಜಾತಿ ಇದು. ಲಮಾಂಟ್ ಬಾಗಿಲು ಬಡಿದು ಹೊರಬಂದ. ಕ್ಯಾಮೆರಾಗಳು ಇನ್ನೂ ಹಜಾರದಲ್ಲಿದ್ದವು.

“ಯಾವ ಮೊಣಕಾಲು ಅಂತ ಕೋಚ್ ಹೇಳಿದ್ರು, ಎಡದ್ದಾ ಬಲದ್ದಾ?” ಎಂದು ಕೇಳಿದ. ಪತ್ರಕರ್ತರು ನಕ್ಕರು. ಅವನು ಪ್ಯಾಂಟು ಮೇಲೆಳೆದು ಎರಡೂ ಕಾಲು ತೋರಿಸಿದ. ಒಂದೇ ಕಾಲಲ್ಲಿ ನಿಂತು ಮೇಲಕ್ಕೆ ಜಿಗಿದು ಛಾವಣಿಯ ಕೊಳವೆ ಮುಟ್ಟಿದ. “ನನ್ನ ಮೈಗೆ ಏನೂ ಆಗಿಲ್ಲ. ಆಗಿರೋದು ಕೋಚ್ ತಲೆಗೆ,” ಎಂದ. ಟಿವಿಗಳು ಆ ಜಿಗಿತವನ್ನೇ ತಿರುಗಾಮುರುಗಾ ತೋರಿಸಿದವು.

ಮರುದಿನ ಬುಧವಾರ. ಲಮಾಂಟನನ್ನು ಆಡಿಸಲೇಬೇಕೆಂದು ಹಾಲ್‌ಸ್ಟೆಡ್ ಅಪ್ಪಣೆ ಮಾಡಿದ. ಓಸ್ಟ್ರೋ ಅವನ ಹೆಸರನ್ನು ಆಡುವವರ ಪಟ್ಟಿಗೆ ಸೇರಿಸಿದ. ಬೀಜದ ಲೋಟ ಇಡೀ ಆಟ ಕುರ್ಚಿಯ ಕೆಳಗೇ ಉಳಿಯಿತು. ಮುಂದಿನ ಸಾಲು ಭರ್ತಿಯಾಗಿತ್ತು. ಲಮಾಂಟ್ ವರ್ಷಗಳಿಂದ ಆಡದಂಥ ಆಟ ಆಡಿದ. ದೂರದಿಂದ ಎಸೆದದ್ದೂ ಬುಟ್ಟಿಗೆ ಬಿತ್ತು, ಇಬ್ಬರ ನಡುವೆ ನುಗ್ಗಿ ಹಾಕಿದ್ದೂ ಬಿತ್ತು. ಜನ ಎದ್ದು ನಿಂತು ಅವನ ಹೆಸರು ಕೂಗಿದರು. ಇಮಾನಿ ಕುರ್ಚಿಯ ಮೇಲೆ ಹತ್ತಿ ಕುಣಿಯುತ್ತಿದ್ದಳು. ಬಿಗ್ಸ್ ಬೆಂಚಿನಲ್ಲಿ ಉಗುರು ಕಚ್ಚುತ್ತಿದ್ದ. ತಾನು ಉಳಿದುಕೊಂಡೆ ಎಂದು ಲಮಾಂಟನ ಎದೆ ಹಗುರಾಯಿತು.

ಗುರುವಾರ ಮಧ್ಯಾಹ್ನ ಅವನು ಮಗಳನ್ನು ಕರೆತರಲು ಶಾಲೆಯ ಗೇಟಿನಲ್ಲಿ ನಿಂತಿದ್ದಾಗ ಹಾಲ್‌ಸ್ಟೆಡ್‌ನ ಫೋನು ಬಂತು. ನಿನ್ನನ್ನು ದೇಶದ ಇನ್ನೊಂದು ಅಂಚಿನ ಸಿಯಾಟಲ್ ತಂಡಕ್ಕೆ ಕೊಟ್ಟಿದ್ದೇವೆ, ಇಂದೇ ಹೊರಡು ಎಂದ. ಇಮಾನಿ ಓಡಿ ಬಂದು ಸೊಂಟ ತಬ್ಬಿಕೊಂಡಳು. ಈ ವಾರಾಂತ್ಯ ಏಡಿ ತಿನ್ನಲು ಬಂದರಿಗೆ ಹೋಗೋಣವಾ ಎಂದು ಕೇಳಿದಳು. ಅವನು ಅವಳ ಶಾಲೆಯ ಚೀಲವನ್ನು ತನ್ನ ಹೆಗಲಿಗೇರಿಸಿಕೊಂಡ.

ಅವಳನ್ನು ಅಮ್ಮನ ಮನೆಗೆ ಬಿಟ್ಟು, ಶೂಗಳನ್ನು ಎತ್ತಿಕೊಳ್ಳಲು ಕ್ರೀಡಾಂಗಣಕ್ಕೆ ಹೋದ. ಖಾಲಿ ಬೆಂಚಿನ ಮೇಲೆ ಓಸ್ಟ್ರೋ ಒಬ್ಬನೇ ಕೂತಿದ್ದ.

“ಕೊನೆಗೂ ಓಡಿಸಿದ್ರಿ,” ಎಂದ ಲಮಾಂಟ್. “ನಿಮ್ಮ ಮುಖ ನೋಡೋಕೂ ಅಸಹ್ಯ ಆಗುತ್ತೆ.”

ಓಸ್ಟ್ರೋ ತಲೆಯೆತ್ತಲಿಲ್ಲ.

“ಸಿಯಾಟಲ್‌ನವರು ಬಿಗ್ಸ್‌ನ ಒಯ್ಯೋದು ಬಹುತೇಕ ಖಚಿತ ಆಗಿತ್ತು ಕಣೋ,” ಎಂದ. “ಅವರಿಗೆ ಮೊದಲಿಂದಲೂ ಬೇಕಾಗಿದ್ದಿದ್ದು ನೀನೇ, ಕಾಲು ಕೆಟ್ಟಿದೆ ಅಂತ ನಂಬಿ ಬೇಡ ಅಂದಿದ್ರು.”