ಕೆಂಪು ಬಿಲ್ಲೆ ಬೀಳದ ದಿನ

ಬೆಳಗಿನ ಆರರಿಂದ ಹನ್ನೊಂದರವರೆಗೆ ಗುಡ್ಡದ ಕಡೆ ಕರೆಂಟು ಒಯ್ಯುವ ಫೀಡರ್ ಲೈನು ಒಂದು ಸಲವೂ ಟ್ರಿಪ್ ಆಗಿ ನಿಂತಿರಲಿಲ್ಲ. ಸಬ್‌ಸ್ಟೇಷನ್ನಿನ ಆಪರೇಟರ್ ಚಂದ್ರಶೇಖರಯ್ಯನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೊನ್ನೆಯವರೆಗೆ ದಿನಕ್ಕೆ ಆರೇಳು ಸಲ ಹೋಗಿಬರುತ್ತಿದ್ದ ಲೈನು ಅದು.

ಅವನು ಎದ್ದು ಮತ್ತೆ ಪ್ಯಾನೆಲ್ಲಿನ ಮುಂದೆ ನಿಂತ. ಗಾಜಿನ ಪೆಟ್ಟಿಗೆಯೊಳಗೆ ರಿಲೇಯ ತೆಳ್ಳನೆಯ ತಟ್ಟೆ. ಲೈನಿನ ಕರೆಂಟು ಎಲ್ಲಾದರೂ ನೆಲಕ್ಕೆ ಸೋರಿದರೆ ಆ ತಟ್ಟೆ ತಿರುಗಬೇಕು. ತಿರುಗಿ ಕೊನೆ ಮುಟ್ಟಿದರೆ ಬ್ರೇಕರ್ ತೆರೆದುಕೊಂಡು ಕರೆಂಟು ನಿಂತು, ಕೆಂಪು ಬಿಲ್ಲೆ ಬೀಳಬೇಕು. ಎಷ್ಟು ಸೋರಿದರೆ ತಿರುಗಬೇಕೆಂದು ಗೊತ್ತುಮಾಡುವುದು ಒಂದು ಸಣ್ಣ ಪಿನ್ನು. ನಿನ್ನೆ ಮಧ್ಯಾಹ್ನ, ಸಣ್ಣ ಸೋರಿಕೆಗೆ ತಟ್ಟೆ ತಿರುಗದಂತೆ, ಆ ಪಿನ್ನನ್ನು ಇಪ್ಪತ್ತರ ತೂತಿನಿಂದ ತೆಗೆದು ಎಂಬತ್ತಕ್ಕೆ ಹಾಕಿದವನು ಅವನೇ. ಪದೇಪದೇ ಕರೆಂಟು ಹೋಗುತ್ತದೆಂದು ಎಣ್ಣೆ ಮಿಲ್ಲಿನ ಕಾಡಸಿದ್ದಪ್ಪ ಮೇಲಿನವರೆಗೆ ದೂರು ಒಯ್ದಿದ್ದ. ಸಾಹೇಬರು ಫೋನಿನಲ್ಲಿ ಹೇಳಿದರು, ಬರೆದುಕೊಡಲಿಲ್ಲ. ಇವನೂ ಲಾಗ್ ಪುಸ್ತಕದಲ್ಲಿ ಬರೆಯಲಿಲ್ಲ.

ತಟ್ಟೆ ಎಳ್ಳಿನಷ್ಟು ಮುಂದೆ ಸರಿದು, ಹಿಂದಕ್ಕೆ ಬಂತು. ಒಂಬತ್ತೂವರೆಯಿಂದಲೂ ಹೀಗೇ. ಒಣ ಬಂಡೆಯ ಮೇಲೆ ತಂತಿ ಬಿದ್ದರೆ ನೆಲಕ್ಕೆ ಇಳಿಯುವ ಕರೆಂಟು ಬಹಳ ಕಡಿಮೆ ಎಂದು ತುಮಕೂರಿನ ಸಂಜೆ ತರಗತಿಯಲ್ಲಿ ಮೇಷ್ಟ್ರು ಹೇಳಿದ್ದು, ತಾನು ಅದರ ಕೆಳಗೆ ಎರಡು ಗೆರೆ ಎಳೆದಿದ್ದು ನೆನಪಾಯಿತು. ಎರಡು ಸಲ ಬ್ರೇಕರಿನ ಹಿಡಿಗೆ ಕೈ ಹಾಕಿದ. ಎರಡು ಸಲವೂ ಕೈ ಹಿಂದಕ್ಕೆ ತೆಗೆದುಕೊಂಡ. ಬಂದ್ ಮಾಡಿದ್ದಕ್ಕೆ ಕಾರಣ ಏನೆಂದು ಬರೆಯುವುದು, ಅನುಮಾನ ಅಂತಲೇ? ಸಂಜೆ ಕಾಲೇಜಿನ ಇಂಜಿನಿಯರ್ ಎಂದು ಮೊದಲೇ ನಗುತ್ತಾರೆ.

ಆಗ ಬಾಗಿಲಿಗೆ ಕಂಬಳಿ ಹೆಗಲಿನ ಮುದುಕನೊಬ್ಬ ಬಂದು ಚೌಕಟ್ಟು ಹಿಡಿದು ನಿಂತ. ಉಸಿರು ಹಿಡಿತಕ್ಕೆ ಬರಲು ಸ್ವಲ್ಪ ಹೊತ್ತು ಬೇಕಾಯಿತು.

"ಸಾಮಿ, ಗುಡ್ಡದತಾವ ತಂತಿ ಹರ್ಕೊಂಡು ಬಿದ್ದೈತೆ. ಬಂಡೆ ಮ್ಯಾಲೆ ಚುರುಚುರು ಅಂತೈತೆ. ನನ್ನ ಟಗರು ತುಳಿದು ಅಲ್ಲೇ ಸತ್ತೋಯ್ತು."

ಚಂದ್ರಶೇಖರಯ್ಯ ಬ್ರೇಕರಿನ ಹಿಡಿ ತಿರುಗಿಸಿದ. ಹೊರಗೆ ಬ್ರೇಕರ್ ದಢ್ ಎಂದಿತು. ಆಮೇಲೆ ಬೆನ್ನು ತಿರುಗಿಸಿಕೊಂಡೇ, ಅಲ್ಲಿ ಜನ ಓಡಾಡುತ್ತಾರೆಯೇ ಎಂದು ಕೇಳಿದ.

"ಇಸ್ಕೂಲ್ ಐಕ್ಳಿಗೆ ಅದೇ ದಾರಿ. ನನ್ನ ಹೆಂಡ್ರು ಕ್ಯಾತಮ್ಮುನ್ನ ದೊಣ್ಣೆ ಕೊಟ್ಟು ನಿಲ್ಸಿ ಬಂದಿವ್ನಿ. ಯಾರ್ನೂ ಬುಡಬ್ಯಾಡ ಅಂದಿವ್ನಿ. ನಾ ಹೋಗಿ ಹೇಳೋಗಂಟ ಅವ್ಳು ಕದ್ಲಾಕಿಲ್ಲ."

ಅವನ ಹೆಸರು ಯತ್ತಪ್ಪ. ಕುರಿ ಕಾಯುವವನು. ನೀರು ಕುಡಿಯುತ್ತ ಅವನು ಗಾಜಿನ ಪೆಟ್ಟಿಗೆಗಳನ್ನು ನೋಡಿದ. ಇವು ಇರುವುದೇತಕ್ಕೆ ಎಂದು ಕೇಳಿದ. ತಂತಿ ಬಿದ್ದರೆ ತಾವಾಗಿಯೇ ಕರೆಂಟು ನಿಲ್ಲಿಸುವುದಕ್ಕೆ ಎಂದು ಚಂದ್ರಶೇಖರಯ್ಯ ಹೇಳಬೇಕಾಯಿತು. ಮತ್ತೆ ಇವತ್ತು ಯಾಕೆ ನಿಲ್ಲಿಸಲಿಲ್ಲ ಎಂಬುದನ್ನೂ ಹೇಳಬೇಕಾಯಿತು. ಸುಮ್ಮಸುಮ್ಮನೆ ನಿಲ್ಲಿಸುತ್ತದೆ ಅಂತ ನಾನೇ ನಿನ್ನೆ ಅದನ್ನು ಮಂದ ಮಾಡಿದೆ ಎಂದ.

ಯತ್ತಪ್ಪ ಲೋಟ ಕೆಳಗಿಟ್ಟ. "ನಮ್ಮ ನಾಯಿನೂ ಸುಮ್‌ಸುಮ್ಕೆ ಬೊಗುಳ್ತದೆ ಸಾಮಿ. ಅಂಗಂತ ಬಾಯಿ ಕಟ್ತೀವಾ?"

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಕ್ಯಾತಮ್ಮ ಬಿಸಿಲಲ್ಲಿ ನಿಂತಿದ್ದಾಳೆ ಎನ್ನುತ್ತ ಕಂಬಳಿ ಕೊಡವಿ ಹೊರಟ. ಅವನ ಹಿಂದೆಯೇ ಲೈನ್‌ಮನ್ ಬೈಲಪ್ಪನನ್ನು ಸೈಕಲ್ಲಿನಲ್ಲಿ ಓಡಿಸಿದ್ದಾಯಿತು.

ಫೋನು ರಿಂಗಾಯಿತು. ಕಾಡಸಿದ್ದಪ್ಪ.

"ಬೆಳಗಿಂದ ಎಷ್ಟು ಚೆನ್ನಾಗಿತ್ತಲ್ಲ ಅಯ್ಯನೋರೆ. ಮತ್ತೆ ಟ್ರಿಪ್ಪಾ?"

"ಟ್ರಿಪ್ ಆಗ್ಲಿಲ್ಲ. ನಾನೇ ತೆಗೆದೆ. ತಂತಿ ಬಿದ್ದಿದೆ."

"ರಿಲೇ ಏನೂ ಹೇಳ್ಲಿಲ್ಲ ಅಂದ್ರೆ ಬಿದ್ದಿದ್ದು ನಿಮಗೆ ಹೆಂಗೆ ಗೊತ್ತಾಯ್ತು?"

ಚಂದ್ರಶೇಖರಯ್ಯ ಫೋನಿಟ್ಟ. ಗಾಜು ತೆಗೆದು ಪಿನ್ನನ್ನು ಇಪ್ಪತ್ತಕ್ಕೆ ಹಾಕಿದ. ಲಾಗ್ ಪುಸ್ತಕ ಬಿಚ್ಚಿ, ನಿನ್ನೆಯ ಪುಟದ ಅಂಚಿನಲ್ಲಿ, ಸೆಟ್ಟಿಂಗ್ ಬದಲಿಸಿದ್ದು ನಾನು ಎಂದು ಬರೆದು ಸಹಿ ಹಾಕಿದ. ಆಮೇಲೆ ಇವತ್ತಿನ ಪುಟ. ಅಲ್ಲಿ ಯಾವ ರಿಲೇ ಕೆಲಸ ಮಾಡಿತು, ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಎರಡು ಕಾಲಂಗಳು. ಹಿಂದಿನ ಪುಟಗಳ ಎರಡನೆಯ ಕಾಲಂನಲ್ಲಿ ಮೇಲಿಂದ ಕೆಳಗೆ ಒಂದು ಸೆಕೆಂಡು, ಎರಡು ಸೆಕೆಂಡು ಎಂದೇ ಸಾಲುಗಟ್ಟಿತ್ತು.

ತಟ್ಟೆ ಅಲ್ಲಾಡತೊಡಗಿದ ಒಂಬತ್ತೂವರೆಯಿಂದ ತಾನು ಹಿಡಿ ತಿರುಗಿಸಿದ ಹನ್ನೊಂದರವರೆಗೆ ಬೆರಳಲ್ಲಿ ಎಣಿಸಿದ. ಮೊದಲನೆಯ ಕಾಲಂನಲ್ಲಿ ಬರೆದ: ಯತ್ತಪ್ಪ, ಕ್ಯಾತಮ್ಮ. ಎರಡನೆಯದರಲ್ಲಿ: ಒಂದೂವರೆ ಗಂಟೆ.